ಒಂದು ಟನ್ ಇಂಗಾಲಕ್ಕೆ ರೇಟು ಎಷ್ಟು? ಬಿಲ್ ಯಾರ ಹೆಸರಿಗೆ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೆ ಮೊದಲೇ ಹೇಳಿಬಿಡ್ತೀನಿ, ಈ ಸಂಚಿಕೆಯಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ. ಆದ್ರೆ ಕೂಡೋದು, ಗುಣಿಸೋದು, ಭಾಗಿಸೋದು ಅಷ್ಟೇ. ಅದಕ್ಕಿಂತ ದೊಡ್ಡ ಗಣಿತ ಇಲ್ಲ.

ವಿಶ್ವ ಬ್ಯಾಂಕಿನ ಅಂಕಿಅಂಶಗಳಲ್ಲಿ ಒಂದು ಕಾಲಂ ಇದೆ. ಒಂದು ದೇಶ ಒಂದು ವರ್ಷದಲ್ಲಿ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಆಗುವ ಹಾನಿ ಆ ದೇಶದ ರಾಷ್ಟ್ರೀಯ ಆದಾಯದಲ್ಲಿ ಶೇಕಡಾ ಎಷ್ಟು ಅನ್ನೋದು ಅಲ್ಲಿ ಇರುತ್ತೆ. ಲೆಕ್ಕದ ವಿಧಾನ ಸರಳ. ಒಂದು ಟನ್‌ಗೆ ಇಷ್ಟು ಡಾಲರ್ ಅಂತ ಒಂದು ರೇಟು, ಅದನ್ನು ಟನ್‌ಗಳ ಸಂಖ್ಯೆಯಿಂದ ಗುಣಿಸಿ, ರಾಷ್ಟ್ರೀಯ ಆದಾಯದಿಂದ ಭಾಗಿಸೋದು. ಇತ್ತೀಚಿನ ರೇಟು ಟನ್‌ಗೆ 40 ಡಾಲರ್. ನಾನೇ ಒರಟಾಗಿ ಹಾಕಿ ನೋಡಿದೆ. 2020ರಲ್ಲಿ ಭಾರತ ಬಿಟ್ಟಿದ್ದು ಸುಮಾರು 240 ಕೋಟಿ ಟನ್. 40ರಿಂದ ಗುಣಿಸಿದರೆ 9,600 ಕೋಟಿ ಡಾಲರ್. ಆ ವರ್ಷದ ನಮ್ಮ ಆದಾಯದಲ್ಲಿ ಇದು ಹೆಚ್ಚುಕಡಿಮೆ ಶೇ 3.6. ಅದೇ ಲೆಕ್ಕ ಅಮೆರಿಕಕ್ಕೆ ಹಾಕಿ: ಸುಮಾರು 470 ಕೋಟಿ ಟನ್, ಅಂದ್ರೆ 18,800 ಕೋಟಿ ಡಾಲರ್. ಅವರ ಆದಾಯದಲ್ಲಿ ಶೇ 1ಕ್ಕಿಂತ ಕಡಿಮೆ!

ತಲೆಗೆ ಲೆಕ್ಕ ಹಾಕಿದರೆ ಒಬ್ಬ ಅಮೆರಿಕನ್ ವರ್ಷಕ್ಕೆ ಸುಮಾರು 14 ಟನ್ ಬಿಡ್ತಾನೆ, ಒಬ್ಬ ಭಾರತೀಯ 2 ಟನ್‌ಗೂ ಕಡಿಮೆ. ಆದ್ರೆ ಆ ಕಾಲಂ ನೋಡಿದವರಿಗೆ ಭಾರತವೇ ನಾಲ್ಕು ಪಟ್ಟು ದೊಡ್ಡ ತಪ್ಪಿತಸ್ಥನ ಥರ ಕಾಣುತ್ತೆ. ಗುಣಾಕಾರ ತಪ್ಪಿಲ್ಲ, ಭಾಗಾಕಾರವೂ ತಪ್ಪಿಲ್ಲ. ಹಾಗಾದ್ರೆ ಏನಾಯ್ತು? ಈ ರೇಟು ಎಲ್ಲಿಂದ ಬಂತು, ಯಾರು ಕಟ್ಟಿದ್ರು ಅನ್ನೋ ಇತಿಹಾಸ ಗೊತ್ತಾಗದೆ ಇದಕ್ಕೆ ಉತ್ತರ ಸಿಗೋದಿಲ್ಲ.

ಮೊದಲು ಒಂದು ಟನ್ ಅಂದ್ರೆ ಎಷ್ಟು ಅಂತ ಮನಸ್ಸಿಗೆ ತಂದ್ಕೊಳ್ಳೋಣ. ಕಲ್ಲಿದ್ದಲು ಸುಟ್ಟು ಒಂದು ಯೂನಿಟ್ ಕರೆಂಟ್ ಮಾಡಿದರೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತೆ. ತಿಂಗಳಿಗೆ 200 ಯೂನಿಟ್ ಬಳಸುವ ಮನೆ, ಆ ಕರೆಂಟ್ ಪೂರ್ತಿ ರಾಯಚೂರಿನ ಶಾಖೋತ್ಪನ್ನ ಸ್ಥಾವರದಿಂದಲೇ ಬಂದಿದೆ ಅಂದ್ಕೊಳ್ಳಿ, ಐದು ತಿಂಗಳಿಗೆ ಒಂದು ಟನ್ ಮುಗಿಸುತ್ತೆ. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೆ, ಟನ್‌ಗೆ 40 ಡಾಲರ್ ಅಂದ್ರೆ ಯೂನಿಟ್‌ಗೆ 3 ರೂಪಾಯಿ 40 ಪೈಸೆ. ಈ ಯೂನಿಟ್ ಲೆಕ್ಕ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಹಿಂದಕ್ಕೆ ಹೋಗೋಣ. ಗಾಳಿಯಲ್ಲಿ ಈ ಅನಿಲ ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾಗುತ್ತೆ ಅಂತ 1896ರಲ್ಲೇ ಕೈಯಲ್ಲಿ ಲೆಕ್ಕ ಹಾಕಿದವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. ತಮಾಷೆ ಅಂದ್ರೆ, ಬಿಸಿಯಾದರೆ ಒಳ್ಳೇದೇ ಆಗುತ್ತೆ, ಚಳಿ ದೇಶಗಳಲ್ಲಿ ಬೆಳೆ ಚೆನ್ನಾಗಿ ಬರುತ್ತೆ ಅಂತ ಅವರ ಅಂದಾಜು. ಸ್ವೀಡನ್ನಿನಲ್ಲಿ ಕೂತು ನೋಡಿದರೆ ಯಾರಿಗಾದ್ರೂ ಹಾಗೇ ಅನಿಸುತ್ತೆ. 1920ರಲ್ಲಿ ಕೇಂಬ್ರಿಡ್ಜ್‌ನ ಆರ್ಥರ್ ಪಿಗೂ ಇನ್ನೊಂದು ಮಾತು ಹೇಳಿದರು. ಕಾರ್ಖಾನೆ ಹೊಗೆಯಿಂದ ಊರವರ ಬಟ್ಟೆ ಕೊಳೆಯಾಗುತ್ತೆ, ಸೋಪು ಜಾಸ್ತಿ ಖರ್ಚಾಗುತ್ತೆ, ಆದರೆ ಆ ಖರ್ಚು ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಬರೋದಿಲ್ಲ. ಆ ಖರ್ಚನ್ನು ತೆರಿಗೆಯಾಗಿ ಅವರಿಂದಲೇ ವಸೂಲಿ ಮಾಡಿ ಅಂದರು. ಇವತ್ತಿನ ಕಾರ್ಬನ್ ತೆರಿಗೆಯ ಮೂಲ ಅದು. 1934ರಲ್ಲಿ ಸೈಮನ್ ಕುಜ್ನೆಟ್ಸ್ ಅಮೆರಿಕದ ಸೆನೆಟ್‌ಗೆ ರಾಷ್ಟ್ರೀಯ ಆದಾಯದ ಮೊದಲ ದೊಡ್ಡ ಲೆಕ್ಕ ಒಪ್ಪಿಸಿದರು. ಈ ಸಂಖ್ಯೆ ನೋಡಿ ಜನ ಸುಖವಾಗಿದ್ದಾರೋ ಇಲ್ವೋ ಅಂತ ತೀರ್ಮಾನಿಸೋಕೆ ಹೋಗಬೇಡಿ ಅಂತ ಅದೇ ವರದಿಯಲ್ಲಿ ಎಚ್ಚರಿಕೆಯನ್ನೂ ಕೊಟ್ಟರು. ಎಚ್ಚರಿಕೆ ಮರೆತುಹೋಯ್ತು, ಸಂಖ್ಯೆ ಉಳೀತು.

ಈ ಮೂರು ಎಳೆ ಒಂದಾಗೋಕೆ 1974ರವರೆಗೆ ಕಾಯಬೇಕಾಯ್ತು.

1974–75ರಲ್ಲಿ ಇಬ್ಬರು ಯುವ ಅರ್ಥಶಾಸ್ತ್ರಜ್ಞರು ಎಲ್ಲಿದ್ದರು ಅಂತ ನೋಡಿದಾಗಲೆಲ್ಲ ನನಗೆ ಒಂಥರಾ ಖುಷಿಯಾಗುತ್ತೆ. ಒಬ್ಬರು ಅಮೆರಿಕದ ವಿಲಿಯಂ ನಾರ್ಡ್‌ಹೌಸ್. ವಿಯೆನ್ನಾ ಪಕ್ಕದ ಲಾಕ್ಸೆನ್‌ಬರ್ಗ್‌ನಲ್ಲಿ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಸೇರಿ ಶುರುಮಾಡಿದ್ದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ಅಲ್ಲಿ ಅವರ ಜೊತೆ ಒಂದೇ ರೂಮಲ್ಲಿ ಕೂರ್ತಿದ್ದವರು ಹವಾಮಾನ ತಜ್ಞ ಅಲನ್ ಮರ್ಫಿ. ಆ ಒಡನಾಟದಿಂದಲೇ ನಾರ್ಡ್‌ಹೌಸ್ ತಲೆಗೆ ಇಂಗಾಲ ಹೊಕ್ಕಿದ್ದು. ಇನ್ನೊಬ್ಬರು ಬ್ರಿಟನ್ನಿನ ನಿಕೊಲಸ್ ಸ್ಟರ್ನ್. ಅದೇ ಹೊತ್ತಿಗೆ ಅವರು ಉತ್ತರ ಪ್ರದೇಶದ ಮೊರಾದಾಬಾದ್ ಜಿಲ್ಲೆಯ ಪಾಲನ್‌ಪುರ ಅನ್ನೋ ಹಳ್ಳಿಯಲ್ಲಿ ಗೋಧಿ, ಗೇಣಿ, ಕೂಲಿ ಅಂತ ಮನೆ ಮನೆಯ ಲೆಕ್ಕ ಬರೀತಿದ್ದರು. ಮೂವತ್ತು ವರ್ಷದ ನಂತರ ಈ ಇಬ್ಬರೂ ಎದುರುಬದುರು ನಿಂತರು. ಅಲ್ಲಿಗೆ ಆಮೇಲೆ ಬರ್ತೀನಿ.

ನಾರ್ಡ್‌ಹೌಸ್ 1975ರಲ್ಲೇ ಇಂಗಾಲವನ್ನು ಹತೋಟಿಗೆ ತರೋಕೆ ಆಗುತ್ತಾ ಅಂತ ಕೇಳುವ ಪ್ರಬಂಧ ಬರೆದರು. ಆದ್ರೆ ನಮ್ಮ ಕಥೆಗೆ ಮುಖ್ಯವಾದದ್ದು 1991ರ ಅವರ ಲೇಖನ. ಭೂಮಿ 3 ಡಿಗ್ರಿ ಬಿಸಿಯಾದರೆ ಅಮೆರಿಕದ ರಾಷ್ಟ್ರೀಯ ಆದಾಯಕ್ಕೆ ಎಷ್ಟು ಪೆಟ್ಟು? ಅವರು ಅರ್ಥವ್ಯವಸ್ಥೆಯನ್ನು ವಿಭಾಗ ವಿಭಾಗ ಮಾಡಿದರು. ಕೃಷಿ, ಕಾಡು, ಮೀನುಗಾರಿಕೆ ಹವಾಮಾನವನ್ನೇ ನೆಚ್ಚಿಕೊಂಡಿವೆ, ಆದರೆ ಆದಾಯದಲ್ಲಿ ಅವುಗಳ ಪಾಲು ಶೇ 3ರಷ್ಟು ಮಾತ್ರ. ಸುಮಾರು ಶೇ 10ರಷ್ಟು ಭಾಗಕ್ಕೆ ಸಾಧಾರಣ ಪರಿಣಾಮ. ಮಿಕ್ಕ ಶೇ 87 ಕಾರ್ಖಾನೆ, ಬ್ಯಾಂಕು, ಆಫೀಸು, ಆಸ್ಪತ್ರೆ. ಅವಕ್ಕೆ ಹೆಚ್ಚೇನೂ ಆಗೋದಿಲ್ಲ. ಒಟ್ಟು ನಷ್ಟ ಶೇ 0.25. ಲೆಕ್ಕಕ್ಕೆ ಸಿಗದ್ದನ್ನೂ ಸೇರಿಸಿ ಶೇ 1 ಅಂತ ಇಟ್ಟುಕೊಳ್ಳಿ, ಶೇ 2 ದಾಟಲಿಕ್ಕಿಲ್ಲ.

ಎಸಿ ರೂಮಲ್ಲಿ ಕೂತ್ಕೊಂಡು ಲೆಕ್ಕ ಹಾಕಿದರು ಅಂತ ನಗಬೇಡಿ. ಯಾರೂ ಸಂಖ್ಯೆ ಇಡೋಕೆ ಧೈರ್ಯ ಮಾಡದಿದ್ದ ಕಾಲದಲ್ಲಿ ಒಂದು ಸಂಖ್ಯೆ ಇಟ್ಟರು, ಅದಕ್ಕೇ 2018ರಲ್ಲಿ ನೊಬೆಲ್ ಬಂತು. ಆದರೆ ಆ ವಿಧಾನದಲ್ಲಿ ಒಂದು ಊಹೆ ಅಡಗಿದೆ. ಆದಾಯದಲ್ಲಿ ಪಾಲು ಕಡಿಮೆ ಇದ್ದರೆ ಮಹತ್ವವೂ ಕಡಿಮೆ ಅನ್ನೋದು. ಉಳಿದ 87 ಭಾಗದವರೂ ಮಧ್ಯಾಹ್ನ ಊಟ ಮಾಡಬೇಕಲ್ವಾ? 1991ರ ಭಾರತಕ್ಕಂತೂ ಆ ಲೆಕ್ಕ ಹೊಂದೋದೇ ಇಲ್ಲ. ಇಲ್ಲಿ ದುಡಿಯುವವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ಹೊಲದಲ್ಲಿದ್ದರು.

ಈಗ ನನ್ನ ಪ್ರಕಾರ ಈ ಇತಿಹಾಸದ ಅತಿ ಮುಖ್ಯ ಜಗಳಕ್ಕೆ ಬರೋಣ. ಹೆಚ್ಚಿನವರು ಇದನ್ನ ಕೇಳಿಯೇ ಇರೋದಿಲ್ಲ.

1995. ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಅಂದ್ರೆ ಐಪಿಸಿಸಿ, ತನ್ನ ಎರಡನೇ ದೊಡ್ಡ ವರದಿ ತಯಾರು ಮಾಡ್ತಿತ್ತು. ಹವಾಮಾನ ಬದಲಾವಣೆಯ ನಷ್ಟ ಎಷ್ಟು ಅಂತ ಹೇಳುವ ಒಂದು ಅಧ್ಯಾಯ ಇತ್ತು. ಅದನ್ನು ಬರೆದ ತಂಡದ ಮುಖ್ಯಸ್ಥರು ಲಂಡನ್ನಿನ ಡೇವಿಡ್ ಪಿಯರ್ಸ್. ನಷ್ಟ ಅಂದ್ಮೇಲೆ ಬೆಳೆ, ಕರಾವಳಿ, ಕಾಯಿಲೆ, ಸಾವು ಎಲ್ಲಾ ಬರಬೇಕು. ಸಾವಿಗೆ ಡಾಲರ್‌ನಲ್ಲಿ ಬೆಲೆ ಕಟ್ಟೋದು ಹೇಗೆ? ಅರ್ಥಶಾಸ್ತ್ರದಲ್ಲಿ ಒಂದು ವಿಧಾನ ಇದೆ. ಸಾವಿನ ಅಪಾಯವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳೋಕೆ ಜನ ಎಷ್ಟು ದುಡ್ಡು ಕೊಡೋಕೆ ಸಿದ್ಧ, ಅಪಾಯದ ಕೆಲಸಕ್ಕೆ ಎಷ್ಟು ಹೆಚ್ಚು ಸಂಬಳ ಕೇಳ್ತಾರೆ ಅಂತ ನೋಡಿ ಅದರಿಂದ ಒಂದು ಮೊತ್ತ ತೆಗೆಯೋದು. ಆದರೆ ಬಡವನ ಹತ್ರ ಕೊಡೋಕೆ ದುಡ್ಡೇ ಇಲ್ಲ. ಹಾಗಾಗಿ ಆ ಅಧ್ಯಾಯ ಆಧರಿಸಿದ್ದ ಲೆಕ್ಕಗಳಲ್ಲಿ ಶ್ರೀಮಂತ ದೇಶದ ಒಂದು ಜೀವಕ್ಕೆ 15 ಲಕ್ಷ ಡಾಲರ್, ಬಡ ದೇಶದ ಒಂದು ಜೀವಕ್ಕೆ 1 ಲಕ್ಷದಿಂದ 1.5 ಲಕ್ಷ ಡಾಲರ್. ಅಂದ್ರೆ ಒಬ್ಬ ಜರ್ಮನ್ ಸತ್ತರೆ ಆಗುವ ನಷ್ಟ ಹತ್ತು ಹದಿನೈದು ಭಾರತೀಯರು ಸತ್ತರೆ ಆಗುವ ನಷ್ಟಕ್ಕೆ ಸಮ!

ಇದನ್ನು ಮೊದಲು ಗಮನಿಸಿ ಗಲಾಟೆ ಎಬ್ಬಿಸಿದವರಲ್ಲಿ ಒಬ್ಬರು ಆಬ್ರಿ ಮೇಯರ್. ಅರ್ಥಶಾಸ್ತ್ರಜ್ಞ ಅಲ್ಲ, ಲಂಡನ್ನಿನಲ್ಲಿದ್ದ ಸಂಗೀತಗಾರ, ವಯೋಲಾ ನುಡಿಸುತ್ತಿದ್ದವರು. ಭಾರತದ ಆಗಿನ ಪರಿಸರ ಸಚಿವ ಕಮಲ್ ನಾಥ್ ಬೇರೆ ದೇಶಗಳ ನಿಯೋಗಗಳಿಗೆ ಪತ್ರ ಬರೆದರು. ಮನುಷ್ಯರ ಜೀವಕ್ಕೆ ದೇಶ ನೋಡಿ ಬೆಲೆ ಕಟ್ಟುವ ಈ ಸಿದ್ಧಾಂತವನ್ನು ನಾವು ಒಪ್ಪೋದಿಲ್ಲ ಅನ್ನೋದು ಅದರ ಸಾರ. ಜಿನೀವಾದಲ್ಲಿ ವಾದ ಮುಗೀಲಿಲ್ಲ, ಮಾಂಟ್ರಿಯಲ್ ಸಭೆಗೂ ಹೋಯ್ತು. ಪಿಯರ್ಸ್ ಬಗ್ಗಲಿಲ್ಲ. ನಾವು ಜೀವಕ್ಕೆ ಬೆಲೆ ಕಟ್ಟಿಲ್ಲ, ಅಪಾಯ ತಗ್ಗಿಸೋಕೆ ಜನ ಕೊಡುವ ಹಣವನ್ನು ಅಳೆದಿದ್ದೇವೆ, ಜಗತ್ತಿನಲ್ಲಿ ಇರುವ ಅಸಮಾನತೆ ನಾವು ಮಾಡಿದ್ದಲ್ಲ ಅಂತ ಅವರ ವಾದ. ಕೊನೆಗೆ ಒಳಗಿನ ಅಧ್ಯಾಯ ಹಾಗೇ ಉಳೀತು, ಸರ್ಕಾರಗಳು ಸಾಲು ಸಾಲು ನೋಡಿ ಒಪ್ಪಬೇಕಾದ ಸಾರಾಂಶದಲ್ಲಿ ಮಾತ್ರ ಬೇರೆ ಧ್ವನಿ ಬಂತು.

ಪಿಯರ್ಸ್ ಕೆಟ್ಟ ಮನುಷ್ಯ ಅಂತ ನನಗೆ ಅನಿಸೋದಿಲ್ಲ. ಅವರ ವಿಧಾನ ತರ್ಕಬದ್ಧವಾಗಿಯೇ ಇತ್ತು. ನನ್ನ ತಕರಾರು ಬೇರೆ. ಹಾನಿ ಮಾಡುವವನೊಬ್ಬ, ಸಾಯುವವನೊಬ್ಬ. ಹಾಗಿರುವಾಗ ಸಾಯುವವನ ಜೇಬು ನೋಡಿ ದಂಡ ನಿಗದಿ ಮಾಡಿದರೆ, ಬಡವರ ಮೇಲೆ ಹಾನಿ ಮಾಡೋದು ಅಗ್ಗ ಅಂತಾಗುತ್ತೆ. ನಮ್ಮೂರಲ್ಲಿ ಯಾರ ಗಾಡಿಯಾದ್ರೂ ಯಾರಿಗಾದ್ರೂ ಗುದ್ದಿದಾಗ, ಕೂಲಿಯವನು ತಾನೇ ಅಂತ ಕಡಿಮೆ ದುಡ್ಡಿಗೆ ಪಂಚಾಯ್ತಿ ಮುಗಿಸೋದು ನೋಡಿದ್ದೀರಲ್ಲ, ಅದೇ.

ಇದೇ ಕಾಲದಲ್ಲಿ ನಾನು ಶುರುವಿನಲ್ಲಿ ಹೇಳಿದ ಕಾಲಂ ಹುಟ್ಟಿತು. ಪಿಯರ್ಸ್ ಮತ್ತು ಜೈಲ್ಸ್ ಅಟ್ಕಿನ್ಸನ್ 1993ರಲ್ಲಿ ಒಂದು ಒಳ್ಳೆ ಪ್ರಶ್ನೆ ಎತ್ತಿದ್ದರು. ಗಣಿ ಅಗೆದು, ಕಾಡು ಕಡಿದು ಬಂದ ದುಡ್ಡನ್ನು ಆದಾಯ ಅಂತ ಬರೀತೀವಿ, ಆದ್ರೆ ಕರಗಿದ ಆಸ್ತಿಯನ್ನು ಕಳೆಯೋದೇ ಇಲ್ವಲ್ಲ? ಜಮೀನು ಮಾರಿ ಮದುವೆ ಮಾಡಿದವನು ಈ ವರ್ಷ ಒಳ್ಳೆ ಸಂಪಾದನೆ ಅಂದ ಹಾಗಾಯ್ತು. ವಿಶ್ವ ಬ್ಯಾಂಕಿನಲ್ಲಿ ಕರ್ಕ್ ಹ್ಯಾಮಿಲ್ಟನ್ ಮತ್ತು ಜೊತೆಗಾರರು ಇದನ್ನು ದೇಶಗಳ ಉಳಿತಾಯದ ಹೊಸ ಲೆಕ್ಕವಾಗಿ ಬೆಳೆಸಿದರು. ಉಳಿತಾಯಕ್ಕೆ ಶಿಕ್ಷಣದ ಖರ್ಚು ಸೇರಿಸಿ, ಅದಿರು, ಎಣ್ಣೆ, ಕಾಡು ಕರಗಿದ್ದನ್ನು ಕಳೆದು, ಜೊತೆಗೆ ಇಂಗಾಲದ ಹಾನಿಯನ್ನೂ ಕಳೆಯೋದು.

ಇಂಗಾಲಕ್ಕೆ ಅವರು ಎತ್ತಿಕೊಂಡ ರೇಟು ಟನ್‌ಗೆ 20 ಡಾಲರ್. ಸ್ಯಾಮ್ಯುಯೆಲ್ ಫಾಂಕ್‌ಹೌಸರ್ ಅನ್ನೋ ಅರ್ಥಶಾಸ್ತ್ರಜ್ಞರ 1994ರ ಅಂದಾಜು ಅದು. ಈ ಫಾಂಕ್‌ಹೌಸರ್ ಯಾರು ಗೊತ್ತಾ? ಐಪಿಸಿಸಿಯ ಆ ಜಗಳದ ಅಧ್ಯಾಯದ ಹಿಂದಿದ್ದ ಲೆಕ್ಕಗಳಲ್ಲಿ ಮುಖ್ಯವಾದದ್ದು ಇವರದೇ. ಅಂದ್ರೆ ನಮ್ಮ ಜೀವಕ್ಕೆ ಕಡಿಮೆ ಬೆಲೆ ಕಟ್ಟಿದ ಲೆಕ್ಕದಿಂದ ಹೊರಟ ಸಂಖ್ಯೆಯೇ ನಮ್ಮ ರಾಷ್ಟ್ರೀಯ ಆದಾಯದಿಂದ ಕಳೆಯುವ ಸಂಖ್ಯೆಯೂ ಆಯ್ತು.

ಇಲ್ಲಿ ಒಂದು ಸಣ್ಣ ಬಲೆ ಇದೆ, ಎಷ್ಟೋ ಲೇಖನಗಳು ಇದರಲ್ಲಿ ಬೀಳ್ತವೆ. ಆ 20 ಡಾಲರ್ ಒಂದು ಟನ್ ಇಂಗಾಲಕ್ಕೆ, ಇಂಗಾಲದ ಡೈಆಕ್ಸೈಡ್‌ಗೆ ಅಲ್ಲ. ಇಂಗಾಲದ ತೂಕ 12 ಆದ್ರೆ ಎರಡು ಆಮ್ಲಜನಕ ಸೇರಿದ ಮೇಲೆ 44. ಹಾಗಾಗಿ ಒಂದು ಟನ್ ಡೈಆಕ್ಸೈಡ್‌ಗೆ ಬೀಳೋದು ಬರೀ 5 ಡಾಲರ್ 45 ಸೆಂಟ್. ನಮ್ಮ ಯೂನಿಟ್ ಲೆಕ್ಕದಲ್ಲಿ 46 ಪೈಸೆ. ಆಮೇಲೆ ಬ್ಯಾಂಕು ರೇಟನ್ನು ಟನ್ ಡೈಆಕ್ಸೈಡ್‌ಗೆ 30 ಡಾಲರ್, ನಂತರ 40 ಡಾಲರ್‌ಗೆ ಏರಿಸಿತು.

ಇನ್ನು ಆ ಇಬ್ಬರು ಹಳೆ ಯುವಕರ ಜಗಳ. 2006ರ ಅಕ್ಟೋಬರ್ 30ರಂದು ಸ್ಟರ್ನ್ ಬ್ರಿಟನ್ ಸರ್ಕಾರಕ್ಕೆ ವರದಿ ಕೊಟ್ಟರು. ಏನೂ ಮಾಡದೆ ಕೂತರೆ ಜಗತ್ತಿನ ಆದಾಯದಲ್ಲಿ ಪ್ರತಿ ವರ್ಷ ಕನಿಷ್ಠ ಶೇ 5, ಎಲ್ಲಾ ಅಪಾಯ ಸೇರಿಸಿದರೆ ಶೇ 20ರವರೆಗೂ ಕಳೆದುಕೊಂಡ ಹಾಗೆ. ತಡೆಯೋಕೆ ಖರ್ಚು ಸುಮಾರು ಶೇ 1. ನಾರ್ಡ್‌ಹೌಸ್ ಒಪ್ಪಲಿಲ್ಲ. ವಿಜ್ಞಾನದ ಬಗ್ಗೆ ಅವರಿಬ್ಬರ ನಡುವೆ ದೊಡ್ಡ ವ್ಯತ್ಯಾಸ ಇರಲಿಲ್ಲ, ಜಗಳ ಇದ್ದಿದ್ದು ಬಡ್ಡಿ ಮೇಲೆ.

ನೂರು ವರ್ಷದ ನಂತರ ಯಾರಿಗೋ 1 ಲಕ್ಷ ರೂಪಾಯಿ ನಷ್ಟ ಆಗುತ್ತೆ ಅಂದ್ಕೊಳ್ಳಿ. ಅದನ್ನು ತಪ್ಪಿಸೋಕೆ ಇವತ್ತು ಎಷ್ಟು ಖರ್ಚು ಮಾಡಬಹುದು? ಬ್ಯಾಂಕಿನ ಎಫ್‌ಡಿ ಲೆಕ್ಕವನ್ನ ಹಿಂದುಮುಂದು ಮಾಡಿದ ಹಾಗೆ ಇದು. ಸ್ಟರ್ನ್ ಬಳಸಿದ ಶೇ 1.4ರ ದರದಲ್ಲಿ ಸುಮಾರು 25,000 ರೂಪಾಯಿ. ಶೇ 3ಕ್ಕೆ 5,200. ಶೇ 7ಕ್ಕೆ ಬರೀ 115 ರೂಪಾಯಿ. ಒಂದೇ ನಷ್ಟ, ಒಂದೇ ಮೊಮ್ಮಗ. ಸಿಕ್ಕಿದ್ದು ಒಂದು ಕಡೆ ಒಳ್ಳೆ ಫೋನ್ ದುಡ್ಡು, ಇನ್ನೊಂದು ಕಡೆ ಒಂದು ಮಸಾಲೆ ದೋಸೆ, ಕಾಫಿ. ಮುಂದಿನ ಪೀಳಿಗೆಯ ಸುಖವನ್ನು ಬರೀ ದೂರದಲ್ಲಿದೆ ಅನ್ನೋ ಕಾರಣಕ್ಕೆ ಕಡಿಮೆ ಮಾಡಿ ನೋಡೋದು ನೈತಿಕವಾಗಿ ಸರಿಯಲ್ಲ ಅಂತ ಕೇಂಬ್ರಿಡ್ಜ್‌ನ ಫ್ರಾಂಕ್ ರಾಮ್ಸೆ 1928ರಲ್ಲೇ ಬರೆದಿದ್ದರು. ಎರಡು ವರ್ಷಕ್ಕೆ, 26ನೇ ವಯಸ್ಸಿಗೇ ತೀರಿಕೊಂಡರು. ಸ್ಟರ್ನ್ ಹಿಡಿದಿದ್ದು ಅವರ ದಾರಿ. ಜನ ಮಾರುಕಟ್ಟೆಯಲ್ಲಿ ನಿಜವಾಗಿ ಒಪ್ಪುವ ಬಡ್ಡಿಗೆ ಹತ್ತಿರ ಇರಬೇಕು ಅನ್ನೋದು ನಾರ್ಡ್‌ಹೌಸ್ ದಾರಿ.

ಇದು ಪಂಡಿತರ ಚರ್ಚೆ ಅಂದ್ಕೊಂಡ್ರೆ ಅಮೆರಿಕದ ಕಥೆ ಕೇಳಿ. 2007ರಲ್ಲಿ ಅಲ್ಲಿನ ಒಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ವಾಹನಗಳ ಮೈಲೇಜ್ ನಿಯಮದ ಕೇಸಲ್ಲಿ ಸರ್ಕಾರವನ್ನು ತರಾಟೆಗೆ ತಗೊಂಡಿತು. ಇಂಗಾಲದ ಹಾನಿ ಎಷ್ಟು ಅಂತ ಖಚಿತ ಇಲ್ಲದಿರಬಹುದು, ಹಾಗಂತ ಸೊನ್ನೆ ಅಂತ ಬರೆಯೋ ಹಾಗಿಲ್ಲ ಅಂತು. 2010ರಲ್ಲಿ ಒಬಾಮಾ ಸರ್ಕಾರ ಟನ್‌ಗೆ 21 ಡಾಲರ್ ಅಂತ ಮೊದಲ ಅಧಿಕೃತ ರೇಟು ಕೊಟ್ಟಿತು. 2017ರಲ್ಲಿ ಟ್ರಂಪ್ ಸರ್ಕಾರ ಬಂದು ಎರಡೇ ಬದಲಾವಣೆ ಮಾಡಿತು: ಅಮೆರಿಕದ ಒಳಗಿನ ಹಾನಿ ಮಾತ್ರ ಲೆಕ್ಕಕ್ಕೆ, ಶೇ 7ರ ಬಡ್ಡಿಯಲ್ಲೂ ಲೆಕ್ಕ. ರೇಟು 1ರಿಂದ 7 ಡಾಲರ್ ಆಸುಪಾಸಿಗೆ ಬಿತ್ತು. 2021ರಲ್ಲಿ ಬೈಡನ್ 51ಕ್ಕೆ ತಂದರು, 2023ರಲ್ಲಿ ಅಲ್ಲಿನ ಪರಿಸರ ಸಂಸ್ಥೆ 190 ಅಂತು, 2025ರ ಜನವರಿಯಲ್ಲಿ ಮತ್ತೆ ಟ್ರಂಪ್ ಬಂದು ಲೆಕ್ಕ ಹಾಕುವ ತಂಡವನ್ನೇ ವಿಸರ್ಜಿಸಿದರು. ಹಣದುಬ್ಬರ ಪಕ್ಕಕ್ಕಿಟ್ಟು ನಮ್ಮ ಯೂನಿಟ್‌ಗೆ ಹಾಕಿ: ಒಮ್ಮೆ 9 ಪೈಸೆ, ಒಮ್ಮೆ 16 ರೂಪಾಯಿ. ಗಾಳಿಗೆ ಹೋದ ಅನಿಲ ಮಾತ್ರ ಅದೇ ಒಂದು ಕಿಲೋ.

ಈ ನಡುವೆ ಸಂಶೋಧಕರು ದಾರಿ ಬದಲಿಸಿದರು. ಊಹೆ ಬಿಟ್ಟು ಹಿಂದೆ ನಿಜವಾಗಿ ಏನಾಯ್ತು ನೋಡೋಣ ಅಂದರು. ಬಿಸಿ ಜಾಸ್ತಿ ಇದ್ದ ವರ್ಷ ಆದಾಯ ಎಷ್ಟು ಕುಸಿಯಿತು ಅಂತ ದೇಶ ದೇಶದ ಲೆಕ್ಕ. 2015ರ ಒಂದು ಅಧ್ಯಯನದಲ್ಲಿ ವಾರ್ಷಿಕ ಸರಾಸರಿ 13 ಡಿಗ್ರಿ ಇರುವ ಕಡೆ ಅರ್ಥವ್ಯವಸ್ಥೆ ಚೆನ್ನಾಗಿ ಓಡುತ್ತೆ, ಅದಕ್ಕಿಂತ ಬಿಸಿಯಾದಂತೆ ಕುಂಟುತ್ತೆ ಅಂತ ಬಂತು. ನಾವಂತೂ ಆ ಗೆರೆ ದಾಟಿ ಬಹಳ ದೂರ ಇದ್ದೀವಿ. 2018ರಲ್ಲಿ ಕ್ಯಾಥರೀನ್ ರಿಕ್ ಮತ್ತು ಜೊತೆಗಾರರು ಒಂದು ಟನ್‌ನ ಹಾನಿಯನ್ನು ದೇಶವಾರು ಹಂಚಿ ನೋಡಿದರು. ಇಡೀ ಜಗತ್ತಿಗೆ ಟನ್‌ಗೆ 417 ಡಾಲರ್. ಅದರಲ್ಲಿ ಅತಿ ದೊಡ್ಡ ಪಾಲು ಬಿದ್ದಿದ್ದು ಭಾರತದ ಮೇಲೆ, 86 ಡಾಲರ್. ಅಮೆರಿಕದ ಪಾಲು 48.

ಇಂಥ ಸಂಖ್ಯೆಗಳನ್ನ ದೇವರ ವಾಕ್ಯ ಅಂತ ಹಿಡೀಬೇಡಿ. 2024ರಲ್ಲಿ ಜರ್ಮನಿಯ ಒಂದು ತಂಡ ಜಗತ್ತಿನ ಆದಾಯ ಶೇ 19 ಕುಸಿಯುತ್ತೆ ಅಂತ ದೊಡ್ಡ ಪತ್ರಿಕೆಯಲ್ಲಿ ಬರೆದಿತ್ತು. ಉಜ್ಬೇಕಿಸ್ತಾನ ಒಂದೇ ದೇಶದ ಹಳೆ ಅಂಕಿಅಂಶ ಎಡವಟ್ಟಾಗಿ ಇಡೀ ಫಲಿತಾಂಶವನ್ನು ಎಳೆದಾಡಿದೆ ಅಂತ ಬೇರೆಯವರು ತೋರಿಸಿದರು. 2025ರ ಡಿಸೆಂಬರ್‌ನಲ್ಲಿ ಲೇಖಕರೇ ಪ್ರಬಂಧ ವಾಪಸ್ ತಗೊಂಡರು. ನಷ್ಟ ಇಲ್ಲ ಅಂತ ಇದರ ಅರ್ಥ ಅಲ್ಲ, ಅಷ್ಟು ಖಚಿತವಾಗಿ ಹೇಳೋಕೆ ಆಗಲ್ಲ ಅಂತ ಅಷ್ಟೇ. ಹತ್ತಿರದ ಲೆಕ್ಕ ಬೇಕಾದರೆ ನಮ್ಮದೇ 2017–18ರ ಆರ್ಥಿಕ ಸಮೀಕ್ಷೆ ತೆಗೆದು ನೋಡಿ. ಹವಾಮಾನ ಬದಲಾವಣೆಯಿಂದ ಕೃಷಿ ಆದಾಯ ಸರಾಸರಿ ಶೇ 15ರಿಂದ 18, ನೀರಾವರಿ ಇಲ್ಲದ ಕಡೆ ಶೇ 20ರಿಂದ 25 ಇಳಿಯಬಹುದು ಅಂತ ಅದರಲ್ಲಿದೆ. ಕಲಬುರಗಿಯ ತೊಗರಿ, ವಿಜಯಪುರದ ಜೋಳ ಬೆಳೆಯೋರು ಹೆಚ್ಚಿನವರು ಆ ಎರಡನೇ ಗುಂಪಿನಲ್ಲೇ ಬರ್ತಾರೆ.

ಸರಿ, ಶುರುವಿನ ಪ್ರಶ್ನೆಗೆ ವಾಪಸ್. ವಿಶ್ವ ಬ್ಯಾಂಕಿನ ಕಾಲಂನಲ್ಲಿ ಭಾರತದ ಶೇ 3.6 ಅಂದ್ರೆ ಭಾರತಕ್ಕೆ ಆದ ನಷ್ಟ ಅಲ್ಲ. ನಾವು ಬಿಟ್ಟ ಅನಿಲದಿಂದ ಇಡೀ ಜಗತ್ತಿಗೆ, ಮುಂದಿನ ಎಷ್ಟೋ ದಶಕಗಳಲ್ಲಿ ಆಗುವ ಹಾನಿಯ ಬಿಲ್ ಅದು. ಬಿಟ್ಟವನ ಹೆಸರಿಗೆ ಬಿಲ್ ಅನ್ನೋ ತತ್ವ ನನಗೂ ಒಪ್ಪಿಗೆ, ಪಿಗೂ ಹೇಳಿದ್ದೇ ಅದು. ಆದರೆ ಆ ಬಿಲ್‌ನಲ್ಲಿ ಇರೋದು ಈ ವರ್ಷದ ಟನ್‌ಗಳು ಮಾತ್ರ. ನೂರೈವತ್ತು ವರ್ಷ ಸುಟ್ಟು ಶ್ರೀಮಂತರಾದವರ ಹಳೆ ಬಾಕಿ ಅದರಲ್ಲಿ ಇಲ್ಲ. ಆ ಹಳೆ ಸುಡುವಿಕೆಯಿಂದಲೇ ಬೆಳೆದ ಆದಾಯ ಮಾತ್ರ ಭಾಗಾಕಾರದಲ್ಲಿ ಕೆಳಗೆ ಕೂತು ಅವರ ಶೇಕಡಾವಾರನ್ನು ಚಿಕ್ಕದು ಮಾಡಿ ತೋರಿಸುತ್ತೆ. 1995ರಲ್ಲಿ ನಮ್ಮ ಬಡತನದಿಂದ ನಮ್ಮ ಜೀವದ ಬೆಲೆ ಇಳಿಯಿತು, ಇಲ್ಲಿ ಅದೇ ಬಡತನದಿಂದ ನಮ್ಮ ತಪ್ಪು ಏರಿ ಕಾಣುತ್ತೆ.

ಬೇರೆಯವರಿಂದ ಬಂದ ಹಾನಿಗೆ ಪಕ್ಕದಲ್ಲಿ ಇನ್ನೊಂದು ಕಾಲಂ ಇಲ್ಲ. ಅದನ್ನು ತುಂಬೋ ಪ್ರಯತ್ನವನ್ನು 2022ರಲ್ಲಿ ಡಾರ್ಟ್‌ಮೌತ್ ಕಾಲೇಜಿನ ಕ್ರಿಸ್ಟೋಫರ್ ಕ್ಯಾಲಹನ್ ಮತ್ತು ಜಸ್ಟಿನ್ ಮ್ಯಾಂಕಿನ್ ಮಾಡಿದರು. 1990ರಿಂದ 2014ರವರೆಗೆ ಅಮೆರಿಕ ಬಿಟ್ಟ ಅನಿಲದಿಂದ ಬೇರೆ ದೇಶಗಳಿಗೆ ಆದ ನಷ್ಟ ಸುಮಾರು 1.9 ಲಕ್ಷ ಕೋಟಿ ಡಾಲರ್, ಅದರಲ್ಲಿ ಭಾರತದ್ದು 25,700 ಕೋಟಿ ಡಾಲರ್ ಅಂತ ಅವರ ಅಂದಾಜು. ಅದೇ ಪಟ್ಟಿಯಲ್ಲಿ ಭಾರತ ಬೇರೆಯವರಿಗೆ ಮಾಡಿದ ನಷ್ಟವೂ ಇದೆ, 50,000 ಕೋಟಿ ಡಾಲರ್ ದಾಟುತ್ತೆ. ಎರಡೂ ಬಿಲ್‌ಗಳಲ್ಲಿ ನಮ್ಮ ಹೆಸರಿದೆ.